ಉಟ್ಟವರ ಮೆರವಣಿಗೆ ನೆಯ್ದವರ ಮೆರವಣಿಗೆಯೂ ಆಗಲಿ

ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು. ಈ ಗಾದೆಯನ್ನು ಕಳೆದ ಹದಿನೈದು ದಿನಗಳಲ್ಲಿ ನಮ್ಮ ಕಚೇರಿಗೆ ಬಂದವರ ಬಾಯಲ್ಲಿ ಎಷ್ಟು ಸಲ ಕೇಳಿದೆವೋ ಲೆಕ್ಕವಿಟ್ಟಿಲ್ಲ. ಸಂದರ್ಭವೇನೆಂದರೆ, ಬರುವ ಆಗಸ್ಟ್ 7ರ ಕೈಮಗ್ಗ ದಿನದಂದು ಗದಗ-ಬೆಟಗೇರಿಯಲ್ಲಿ ಎಲ್ಲ ಜಾತಿ, ಮತ, ಭಾಷೆಗಳ ಜನರ ಉಡುಗೆ-ತೊಡುಗೆಗಳ ಒಂದು ಪ್ರದರ್ಶನವನ್ನು ನಡೆಸಬೇಕೆಂದು ಕೆಲವು ತರುಣರೂ, ಹೊಲಿಗೆ ಕೆಲಸದ ಹೆಣ್ಣುಮಕ್ಕಳೂ, ನಾಲ್ಕಾರು ಮಂದಿ ಚಿಕ್ಕ ಬಟ್ಟೆ ವ್ಯಾಪಾರಿಗಳೂ ಕೂಡಿ ನಿಶ್ಚಯಿಸಿದ್ದಾರೆ. ಪೇಟೆಯ ಮಾತಿನಲ್ಲಿ ಹೇಳುವುದಾದರೆ ಅದು ಫ್ಯಾಶನ್ ಶೋ. ಆ ಹೆಸರು ಕಿವಿಗೆ ಬಿದ್ದ ಕೂಡಲೇ ಊರು ನಾಲ್ಕು ಪಾಲಾಗಿದೆ.

ಕೂಲಿ ಬಾಕಿ ಇರುವಾಗ ಈ ಕುಣಿತ ಯಾತಕ್ಕೆ ಎಂದು ಗಿರಣಿಯ ಕೆಲವು ಹಿರಿಯ ಕಾರ್ಮಿಕರು ಕೇಳುತ್ತಾರೆ. ನಮ್ಮ ಮನೆಯ ಹೆಣ್ಣುಮಕ್ಕಳನ್ನು ನಾಲ್ಕು ಮಂದಿಯ ಎದುರಿಗೆ ನಡೆಸುವುದೇ ಎಂದು ಓಣಿಯ ದೈವದವರು ಹುಬ್ಬು ಗಂಟಿಕ್ಕುತ್ತಾರೆ. ಇದರಿಂದ ನಮ್ಮ ಅಂಗಡಿಗೆ ಬರುವುದೇನು, ವರ್ಗಣಿ ಮಾತ್ರ ನಾವು ಕೊಡಬೇಕೇ ಎಂದು ವ್ಯಾಪಾರಿ ಮಿತ್ರರು ಲೆಕ್ಕ ಹಾಕುತ್ತಾರೆ. ಇನ್ನು ಕೆಲವರು, "ಎಲ್ಲರ ಉಡುಗೆ ಎಂದರೆ ಅವರದೂ ಬರುವುದೋ?" ಎಂದು ಧ್ವನಿ ತಗ್ಗಿಸಿ ವಿಚಾರಿಸುತ್ತಾರೆ. ಆ "ಅವರು" ಯಾರೆಂಬುದು ಕೇಳುವವನ ಓಣಿಯನ್ನು ಅವಲಂಬಿಸಿರುತ್ತದೆ.

ನಾವೂ ಮೊದಲಿಗೆ ನಕ್ಕವರೇ. ಸಮಾಜವಾದಿ ಪತ್ರಿಕೆಯ ಅಗ್ರಲೇಖನಕ್ಕೆ ಇದೊಂದು ವಿಷಯವೇ ಎಂದು ನಮ್ಮೊಳಗೇ ವಾದ ನಡೆಯಿತು. ಆದರೆ ಈ ನಾಲ್ಕು ಪ್ರಶ್ನೆಗಳನ್ನು ಒಂದೆಡೆ ಇಟ್ಟು ನೋಡಿದಾಗ, ಕೂಲಿ, ಹೆಣ್ಣಿನ ಸ್ವಾತಂತ್ರ್ಯ, ಚಿಕ್ಕ ವ್ಯಾಪಾರಿಯ ಬಾಳು, ಜಾತಿ-ಮತಗಳ ಕಚ್ಚಾಟ, ಇವಿಷ್ಟೂ ಒಂದು ಬಟ್ಟೆಯ ತುಂಡಿನಲ್ಲಿ ಹಾಸುಹೊಕ್ಕಾಗಿರುವುದು ಕಂಡಿತು. ಆದುದರಿಂದ ಈ ವಿಷಯದಲ್ಲಿ ನಮ್ಮ ಅಭಿಮತವನ್ನು ಸ್ಪಷ್ಟವಾಗಿ ಹೇಳುವುದು ಕರ್ತವ್ಯವೆಂದು ಭಾವಿಸುತ್ತೇವೆ. ಪ್ರದರ್ಶನ ನಡೆಯಬೇಕು. ಆದರೆ ಅದು ಯಾರ ಪ್ರದರ್ಶನವೆಂಬುದನ್ನು ನಾವು ನಿರ್ಧರಿಸಬೇಕು.

ಮೊದಲು ಆ ದಿನದ ಮಾತು. 1905ರ ಆಗಸ್ಟ್ 7ರಂದು ಕಲ್ಕತ್ತೆಯ ಪುರಭವನದಲ್ಲಿ ನಡೆದ ಸಭೆ ಪರದೇಶದ ಸರಕಿನ ಬಹಿಷ್ಕಾರವನ್ನು ಸಾರಿತು. ಸ್ವದೇಶಿ ಚಳವಳಿ ಅಲ್ಲಿಂದ ಹೊರಟಿತು. ಅದರ ನೆನಪಿಗಾಗಿ 2015ರಿಂದ ಆ ದಿನವನ್ನು ರಾಷ್ಟ್ರೀಯ ಕೈಮಗ್ಗ ದಿನವೆಂದು ಸರಕಾರ ಆಚರಿಸುತ್ತಿದೆ. ದಿನವೇನೋ ಬಂದಿತು, ಮಗ್ಗದ ಮುಂದೆ ಕುಳಿತವನಿಗೆ ಬಂದುದೇನು? 2019-20ರ ಕೈಮಗ್ಗ ಗಣತಿಯಂತೆ ದೇಶದಲ್ಲಿ ನೇಕಾರರೂ ನೇಕಾರಿಕೆಗೆ ಹೊಂದಿದ ಕೆಲಸದವರೂ ಕೂಡಿ 35 ಲಕ್ಷಕ್ಕೆ ಮಿಕ್ಕಿದ್ದಾರೆ. ಅವರಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಹೆಂಗಸರು. ನೇಕಾರ ಕುಟುಂಬಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲಿನವರ ತಿಂಗಳ ಗಳಿಕೆ 5,000 ರೂಪಾಯಿಗೂ ಕಡಮೆ ಎಂದು ಅದೇ ಗಣತಿ ಹೇಳಿತು. ಗಣತಿಯ ಬೆನ್ನ ಹಿಂದೆಯೇ, 2020ರಲ್ಲಿ, ನೇಕಾರರ ಅಹವಾಲನ್ನು ದಿಲ್ಲಿಗೆ ಮುಟ್ಟಿಸಬೇಕಾಗಿದ್ದ ಅಖಿಲ ಭಾರತ ಕೈಮಗ್ಗ ಮಂಡಳಿಯನ್ನು ಸರಕಾರ ರದ್ದುಮಾಡಿತು. ಅಖಿಲ ಭಾರತ ಕರಕುಶಲ ಮಂಡಳಿಗೂ ಅದೇ ಗತಿಯಾಯಿತು.

ಈ ಎರಡನೆಯ ಮಂಡಳಿಯ ಕಥೆಯನ್ನು ನಮ್ಮ ತರುಣರು ತಿಳಿದಿರಬೇಕು. 1952ರಲ್ಲಿ ಅದು ಸ್ಥಾಪನೆಯಾದ ಮೇಲೆ ಅದರ ಚುಕ್ಕಾಣಿ ಹಿಡಿದವರು ಕಮಲಾದೇವಿ ಚಟ್ಟೋಪಾಧ್ಯಾಯ. ಮಂಗಳೂರಿನಲ್ಲಿ 1903ರಲ್ಲಿ ಹುಟ್ಟಿದ ಈ ತಾಯಿ ಉಪ್ಪಿನ ಸತ್ಯಾಗ್ರಹದಲ್ಲಿ ಸೆರೆಮನೆ ಕಂಡವರು. 1936ರಲ್ಲಿ ಕಾಂಗ್ರೆಸ್ ಸಮಾಜವಾದಿ ಪಕ್ಷದ ಅಧ್ಯಕ್ಷ ಪೀಠದಲ್ಲಿ ಕುಳಿತವರು. ಸ್ವಾತಂತ್ರ್ಯಾನಂತರ ಅಧಿಕಾರದ ಕುರ್ಚಿಯ ಬೆನ್ನು ಹತ್ತದೆ ಅವರು ಕುಂಬಾರ, ಕಮ್ಮಾರ, ನೇಕಾರ, ಕಸೂತಿಗಾರರ ಮನೆಗಳನ್ನು ಹುಡುಕಿಕೊಂಡು ಊರೂರು ತಿರುಗಿದರು. ಚೆಲುವಾದ ವಸ್ತು ಶ್ರೀಮಂತರ ಕಪಾಟಿನ ಒಡವೆಯೆಂದು ಅವರು ತಿಳಿದಿರಲಿಲ್ಲ. ದುಡಿಯುವವನ ಕೈಯಲ್ಲಿ ಚೆಲುವು ಹುಟ್ಟುತ್ತದೆ, ಆ ಕೈಗೆ ಅನ್ನವೂ ಮಾನವೂ ಸಿಗಬೇಕೆಂಬುದೇ ಅವರ ಸಮಾಜವಾದವಾಗಿತ್ತು. 1988ರಲ್ಲಿ ಅವರು ತೀರಿಕೊಂಡರು. 2020ರಲ್ಲಿ ಅವರು ಕಟ್ಟಿ ಬೆಳೆಸಿದ ಮಂಡಳಿಯೂ ತೀರಿತು. ಉಡುಗೆಯ ವಿಚಾರ ಸಮಾಜವಾದಿಗಳಿಗೆ ಸಲ್ಲದೆನ್ನುವವರಿಗೆ ಕಮಲಾದೇವಿಯವರ ಬಾಳೇ ಉತ್ತರ.

ಇರಲಿ. ಜುಟ್ಟಿನ ಮಲ್ಲಿಗೆಯ ಗಾದೆಗೆ ಬರೋಣ. ಬಡವನಿಗೆ ಬಟ್ಟೆ ಎಂದೂ ಬರಿಯ ಷೋಕಿಯಾಗಿರಲಿಲ್ಲ. ಯಾರು ಏನು ಉಡಬೇಕು, ಎಷ್ಟು ಉಡಬೇಕು, ಎಲ್ಲಿಯವರೆಗೆ ಉಡಬೇಕು ಎಂಬುದನ್ನು ಮೇಲಿನವರು ಗೊತ್ತುಮಾಡುತ್ತಿದ್ದ ಕಾಲ ಬಹಳ ಹಿಂದಿನದೇನೂ ಅಲ್ಲ. ತಿರುವಾಂಕೂರು ಸೀಮೆಯಲ್ಲಿ ನಾಡಾರ್ ಹೆಂಗಸರು ಎದೆ ಮುಚ್ಚಿಕೊಳ್ಳುವ ಹಕ್ಕಿಗಾಗಿ ದಶಕಗಳ ಕಾಲ ಹೊಡೆತ ತಿಂದು ಹೋರಾಡಿದ ಮೇಲೆ 1859ರಲ್ಲಿ ಅರಸನು ಅನುಮತಿ ಕೊಡಬೇಕಾಯಿತು. 1927ರಲ್ಲಿ ಮಹಾಡಿನಲ್ಲಿ ಡಾ. ಅಂಬೇಡ್ಕರರು ದಲಿತ ತಾಯಂದಿರನ್ನು ಕೂಡಿಸಿ, ಉಡುವ ರೀತಿಯಿಂದಲೇ ನಿಮ್ಮ ಜಾತಿ ಗುರುತು ಹಿಡಿಯುವಂತಿರಬಾರದು, ಸೀರೆಯನ್ನು ಪಾದ ಮುಟ್ಟುವಂತೆ ಉಡಿರಿ ಎಂಬ ಅರ್ಥದ ಮಾತು ಹೇಳಿದರು. ಅಂದು ಸೀರೆಯ ಅಂಚನ್ನು ನಾಲ್ಕು ಬೆರಳು ಕೆಳಗಿಳಿಸುವುದು ಕ್ರಾಂತಿಯಾಗಿತ್ತು. ನಮ್ಮ ಹಳ್ಳಿಗಳಲ್ಲಿ ಗೌಡರ ಓಣಿಯನ್ನು ದಾಟುವಾಗ ತಲೆಯ ರುಮಾಲನ್ನೂ ಕಾಲಿನ ಕೆರವನ್ನೂ ಕೈಯಲ್ಲಿ ಹಿಡಿದುಕೊಂಡು ನಡೆದ ಅಜ್ಜಂದಿರನ್ನು ಕಂಡವರು ನಮ್ಮ ವಾಚಕರಲ್ಲಿ ಇದ್ದೇ ಇದ್ದಾರೆ. ಅಂಥವರ ಮೊಮ್ಮಗ ಅದೇ ರುಮಾಲನ್ನು ಸುತ್ತಿಕೊಂಡು ಊರ ನಡುವಿನ ವೇದಿಕೆಯ ಮೇಲೆ ಎದೆಯುಬ್ಬಿಸಿ ನಡೆದರೆ, ಅದನ್ನು ಕುಣಿತವೆನ್ನಲು ನಮ್ಮ ನಾಲಗೆ ಏಳುವುದಿಲ್ಲ.

2021ರ ನವೆಂಬರಿನಲ್ಲಿ ಅಂಕೋಲೆಯ ಕಡೆಯ ಹಾಲಕ್ಕಿ ಒಕ್ಕಲಿಗರ ತುಳಸಿ ಗೌಡರು ರಾಷ್ಟ್ರಪತಿ ಭವನಕ್ಕೆ ಪದ್ಮಶ್ರೀ ಪಡೆಯಲು ಹೋದರು. ಕಾಲಲ್ಲಿ ಚಪ್ಪಲಿ ಇರಲಿಲ್ಲ. ಕೊರಳಲ್ಲಿ ಮಣಿಸರಗಳಿದ್ದವು. ತಮ್ಮ ಸಮುದಾಯದ ಹೆಂಗಸರು ಉಡುವ ರೀತಿಯಲ್ಲಿಯೇ ಸೀರೆ ಉಟ್ಟಿದ್ದರು. ಸಾವಿರಾರು ಸಸಿಗಳನ್ನು ಬೆಳೆಸಿದ ಆ ತಾಯಿ 2024ರ ಡಿಸೆಂಬರಿನಲ್ಲಿ ಕಣ್ಮುಚ್ಚಿದರು. ಆ ಕೆಂಪು ಹಾಸಿನ ಮೇಲೆ ಅವರು ನಡೆದ ನಡಿಗೆಯನ್ನು ದೇಶ ಇನ್ನೂ ಮರೆತಿಲ್ಲ. ಯಾರ ಎದುರಿಗೂ ಅವರು ವೇಷ ಬದಲಿಸಲಿಲ್ಲ. ನಾವು ಬಯಸುವ ಪ್ರದರ್ಶನ ಅಂಥದು.

ಹೀಗೆ ಹೇಳಿದ ಮಾತ್ರಕ್ಕೆ ಫ್ಯಾಶನ್ ಎಂಬ ವ್ಯಾಪಾರದ ಒಳಗುಟ್ಟನ್ನು ನಾವು ಅರಿಯದವರಲ್ಲ. 2013ರ ಏಪ್ರಿಲ್ 24ರಂದು ಢಾಕಾದ ಬಳಿ ರಾಣಾ ಪ್ಲಾಜಾ ಎಂಬ ಎಂಟಂತಸ್ತಿನ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಮಂದಿ ಸತ್ತರು. ಅವರಲ್ಲಿ ಹೆಚ್ಚಿನವರು ಯುರೋಪು, ಅಮೆರಿಕಗಳ ಅಂಗಡಿಗಳಿಗೆ ಅಂಗಿ ಹೊಲಿಯುತ್ತಿದ್ದ ಹೆಣ್ಣುಮಕ್ಕಳು. ಗೋಡೆ ಬಿರುಕು ಬಿಟ್ಟುದನ್ನು ಹಿಂದಿನ ದಿನವೇ ಕಂಡಿದ್ದರೂ ಅವರನ್ನು ಒಳಕ್ಕೆ ಅಟ್ಟಲಾಗಿತ್ತು. ನಮ್ಮ ಬೆಂಗಳೂರಿನಲ್ಲಿಯೂ ಗಾರ್ಮೆಂಟು ಹೆಣ್ಣುಮಕ್ಕಳು 2016ರ ಏಪ್ರಿಲಿನಲ್ಲಿ ಬೀದಿಗಿಳಿದರು. ಭವಿಷ್ಯನಿಧಿಯಲ್ಲಿ ಮಾಲೀಕರು ಹಾಕಿದ ಪಾಲನ್ನು 58 ವರ್ಷ ತುಂಬುವವರೆಗೆ ಮುಟ್ಟುವಂತಿಲ್ಲವೆಂಬ ಹೊಸ ನಿಯಮವನ್ನು ಕೇಂದ್ರ ಸರಕಾರ ಹೊರಡಿಸಿತ್ತು. ಹೆದ್ದಾರಿಗಳು ಎರಡು ದಿನ ನಿಂತವು. ಸರಕಾರ ನಿಯಮವನ್ನು ಹಿಂದೆಗೆದುಕೊಂಡಿತು. ದೊಡ್ಡ ನಗರಗಳ ಬೆಳಕಿನ ವೇದಿಕೆಗಳ ಮೇಲೆ ನಡೆಯುವ ಬಟ್ಟೆಯ ಹಿಂದೆ ಈ ಹೆಣ್ಣುಮಕ್ಕಳ ಬೆನ್ನು ನೋವಿದೆ. ಅದನ್ನು ಅಲ್ಲಿ ಯಾರೂ ಹೇಳುವುದಿಲ್ಲ. ನಮ್ಮ ವೇದಿಕೆಯಲ್ಲಿ ಅದನ್ನು ಹೇಳಬೇಕು.

ದುಡಿಯುವವರೇ ತಮ್ಮ ಪ್ರದರ್ಶನವನ್ನು ತಾವೇ ನಡೆಸಿದ್ದಕ್ಕೆ ಇತಿಹಾಸದಲ್ಲಿ ಮಾದರಿಗಳಿವೆ. 1937ರಲ್ಲಿ ನ್ಯೂಯಾರ್ಕಿನಲ್ಲಿ ಹೆಂಗಸರ ಉಡುಪು ಹೊಲಿಯುವ ಕಾರ್ಮಿಕರ ಸಂಘದವರು "ಪಿನ್ಸ್ ಅಂಡ್ ನೀಡಲ್ಸ್" ಎಂಬ ಹಾಡು-ಕುಣಿತಗಳ ಆಟವನ್ನು ಕಟ್ಟಿದರು. ಗುಂಡುಸೂಜಿ, ಹೊಲಿಗೆ ಸೂಜಿ ಎಂದೇ ಅದರ ಅರ್ಥ. ಬಟ್ಟೆ ಕತ್ತರಿಸುವವರು, ಯಂತ್ರ ತುಳಿಯುವವರೇ ನಟರು. ಹಗಲು ಕೆಲಸ ಮುಗಿಸಿ ರಾತ್ರಿ ತಾಲೀಮು. ಮೊದಲು ವಾರದ ಕೊನೆಯಲ್ಲಿ ಮಾತ್ರ ಆಡುತ್ತಿದ್ದ ಆ ಆಟ 1,100ಕ್ಕೂ ಮೇಲ್ಪಟ್ಟು ಪ್ರದರ್ಶನಗಳನ್ನು ಕಂಡಿತು. ನ್ಯೂಯಾರ್ಕಿನ ಹೊಲಿಗೆಯವರಿಗೆ ಸಾಧ್ಯವಾದುದು ಬೆಟಗೇರಿಯವರಿಗೆ ಏಕೆ ಅಸಾಧ್ಯ?

ಈಗ ಆ "ಅವರ" ಪ್ರಶ್ನೆ. ನಮ್ಮ ಕಡೆಯ ಒಂದು ಮದುವೆಯ ಸೀರೆಯನ್ನು ಬಿಚ್ಚಿ ಹರವಿ ನೋಡೋಣ. ಕಪ್ಪು ನೆಲದಲ್ಲಿ ಬೆಳೆದ ಹತ್ತಿಯನ್ನು ಹಿಂದೆ ಬಿಲ್ಲು ಹಿಡಿದು ಹಿಂಜುತ್ತಿದ್ದವರು ಪಿಂಜಾರರು. ನೂಲಿಗೆ ಬಣ್ಣ ಕಟ್ಟುತ್ತಿದ್ದವರು ನೀಲಗಾರರು. ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ನೆಯ್ದವರು ದೇವಾಂಗ, ಸಾಲಿ, ಕುರುಹಿನಶೆಟ್ಟಿ ಮೊದಲಾದ ಮನೆತನದವರು. ಅವರ ಮನೆಯ ಅಜ್ಜಿ, ಸೊಸೆ, ಮಗಳು ಕಂಡಿಕೆ ಸುತ್ತಿದರು. ಆ ಸೀರೆಗೆ ಒಪ್ಪುವ ಖಣ ಗುಳೇದಗುಡ್ಡದಿಂದ ಬಂತು. ಕುಪ್ಪಸ ಹೊಲಿದವನು ಮುಸಲ್ಮಾನ ದರ್ಜಿಯೋ ಸಿಂಪಿಗರವನೋ ಆಗಿರಬಹುದು. ಬಳೆ ತೊಡಿಸಿದವನು ಬಳೆಗಾರ. ಇಷ್ಟೆಲ್ಲ ಕೈಗಳನ್ನು ದಾಟಿ ಬಂದ ಸೀರೆಯನ್ನುಟ್ಟ ಮದುಮಗಳ ಮುಂದೆ ನಿಂತು, ಇದು ನಮ್ಮದು, ಅದು ಅವರದು ಎಂದು ಗೆರೆ ಎಳೆಯುವುದೆಂತು? ಇಳಕಲ್ ಸೀರೆಯಲ್ಲಿ ಹತ್ತಿಯ ಒಡಲಿಗೆ ರೇಷ್ಮೆಯ ಸೆರಗನ್ನು ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುತ್ತಾರೆ. ಹತ್ತಿ ಹತ್ತಿಯಾಗಿಯೇ ಉಳಿಯುತ್ತದೆ, ರೇಷ್ಮೆ ರೇಷ್ಮೆಯಾಗಿಯೇ ಉಳಿಯುತ್ತದೆ; ಸೀರೆ ಒಂದೇ. ಊರು ಹೇಗಿರಬೇಕೆಂಬುದನ್ನು ನಮ್ಮ ನೇಕಾರರು ಶಾಸ್ತ್ರ ಓದದೆಯೇ ತೋರಿಸಿಕೊಟ್ಟಿದ್ದಾರೆ.

ಹುಡುಗಿಯರ ತಲೆಯ ಮೇಲಿನ ಬಟ್ಟೆಯ ಮಾತನ್ನೂ ನಾವು ನುಂಗಿಕೊಳ್ಳುವುದಿಲ್ಲ. 2022ರಲ್ಲಿ ನಮ್ಮ ರಾಜ್ಯದಲ್ಲಿ ಕಾಲೇಜುಗಳ ಬಾಗಿಲಲ್ಲಿ ಏನು ನಡೆಯಿತೆಂಬುದನ್ನು ಎಲ್ಲರೂ ಕಂಡಿದ್ದೇವೆ. ಆ ವರ್ಷದ ಮಾರ್ಚಿನಲ್ಲಿ ರಾಜ್ಯದ ಉಚ್ಚ ನ್ಯಾಯಾಲಯ ಹಿಜಾಬಿನ ನಿಷೇಧವನ್ನು ಎತ್ತಿಹಿಡಿಯಿತು. ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯದ ಇಬ್ಬರು ನ್ಯಾಯಾಧೀಶರು ಎರಡು ಬೇರೆ ಬೇರೆ ತೀರ್ಪು ಕೊಟ್ಟರು. ನ್ಯಾಯಾಧೀಶರಲ್ಲಿಯೇ ಒಮ್ಮತವಿಲ್ಲದ ವಿಷಯದಲ್ಲಿ ಓಣಿಯ ಪುಢಾರಿಗಳು ತೀರ್ಪು ಕೊಡಲು ಹೊರಡುವುದು ಬೇಡ. ತಲೆಯ ಮೇಲೆ ಹೊದೆಯುವ ಹುಡುಗಿ ಹೊದ್ದು ಬರಲಿ. ಹೊದೆಯಲೊಲ್ಲೆನೆನ್ನುವ ಅವಳ ಗೆಳತಿ ಬರಿದಲೆಯಲ್ಲಿ ಬರಲಿ. ಒಬ್ಬಳಿಗೆ ತೆಗೆ ಎನ್ನುವ ಹಕ್ಕು ಯಾರಿಗೂ ಇಲ್ಲವೆಂದ ಮೇಲೆ ಇನ್ನೊಬ್ಬಳಿಗೆ ಹೊದ್ದುಕೋ ಎನ್ನುವ ಹಕ್ಕೂ ಯಾರಿಗೂ ಇಲ್ಲ. ಇದೇ ಮಾತನ್ನು ದೈವದ ಹಿರಿಯರಿಗೂ ಬಿನ್ನವಿಸುತ್ತೇವೆ. ನಿಮ್ಮ ಮಗಳು ಗಾರ್ಮೆಂಟಿನ ಬಸ್ಸು ಹತ್ತಿ ಹೊತ್ತು ಮುಳುಗಿದ ಮೇಲೆ ಮನೆಗೆ ಬರುವಾಗ ಕೆಡದ ಮರ್ಯಾದೆ, ತಾನೇ ಹೊಲಿದ ರವಿಕೆ ತೊಟ್ಟು ಊರವರ ಎದುರಿಗೆ ಹತ್ತು ಹೆಜ್ಜೆ ನಡೆದರೆ ಕೆಡುವುದಿಲ್ಲ.

ಈ ನಡುವೆ ಒಂದು ವಿಷಯ ನಮ್ಮ ಗಮನಕ್ಕೆ ಬಂದಿದೆ. ದೊಡ್ಡ ಬಟ್ಟೆ ಮಳಿಗೆಯೊಂದರವರು, ಖರ್ಚೆಲ್ಲ ನಮ್ಮದು, ಆದರೆ ವೇದಿಕೆಯ ಮೇಲೆ ನಮ್ಮ ಅಂಗಡಿಯ ಸೀರೆಗಳೇ ಬರಬೇಕು, ನಡೆಯುವ ಹುಡುಗಿಯರನ್ನೂ ನಾವೇ ಆರಿಸುತ್ತೇವೆ ಎಂದು ಸಂಘಟಕರಿಗೆ ಹೇಳಿಕಳಿಸಿದ್ದಾರೆ. ಸಂಘಟಕರಲ್ಲಿ ಅರ್ಧ ಮಂದಿ ಒಪ್ಪಬೇಕೆನ್ನುತ್ತಾರೆ, ಅರ್ಧ ಮಂದಿ ಒಲ್ಲೆವೆನ್ನುತ್ತಾರೆ. ನಮ್ಮ ಸಲಹೆ ಸ್ಪಷ್ಟ: ಒಪ್ಪಬೇಡಿ. ಆ ಹಣ ಮುಟ್ಟಿದ ದಿನ ಅದು ಊರಿನ ಪ್ರದರ್ಶನವಾಗಿ ಉಳಿಯದು, ಒಂದು ಅಂಗಡಿಯ ಜಾಹೀರಾತಾದೀತು. ತಾಂಡಾದ ಹೆಣ್ಣುಮಗಳ ಫೇಟಿಯಾ-ಕಾಂಚಳಿಯನ್ನು ಪೇಟೆಯ ಹುಡುಗಿಗೆ ತೊಡಿಸಿ ನಡೆಸುತ್ತಾರೆ. ಕನ್ನಡಿ ಚೂರು, ಕವಡೆಗಳನ್ನು ಇಟ್ಟು ಕಣ್ಣು ನೋಯಿಸಿಕೊಂಡು ಹೊಲಿದವಳು ಹಿಂದಿನ ಸಾಲಿನಲ್ಲಿ ನೆಲದ ಮೇಲೆ ಕುಳಿತು ನೋಡುತ್ತಾಳೆ. ಅದು ವೈವಿಧ್ಯದ ಉತ್ಸವವಲ್ಲ, ಛದ್ಮವೇಷ.

ಆದುದರಿಂದ ಸಂಘಟಕರ ಮುಂದೆ ನಾವು ಕೆಲವು ಸೂಚನೆಗಳನ್ನಿಡುತ್ತೇವೆ.

ಒಂದನೆಯದಾಗಿ, ಪ್ರತಿಯೊಬ್ಬರೂ ತಮ್ಮ ಮನೆಯ ಉಡುಗೆಯನ್ನೇ ಉಟ್ಟು ಬರಲಿ. ಧೋತರ-ಪಟಕದ ಒಕ್ಕಲಿಗ, ಕಂಬಳಿಯ ಕುರುಬ, ಫೇಟಿಯಾದ ಬಂಜಾರ ತಾಯಿ, ಷೇರವಾನಿಯ ಹಿರಿಯ, ಸೆರಗನ್ನು ಎಡಕ್ಕೆ ಬಲಕ್ಕೆ ಹೊದೆಯುವ ನಾನಾ ಊರಿನ ಸೊಸೆಯಂದಿರು, ಹೊಟ್ಟೆಪಾಡಿಗೆ ನಮ್ಮೂರಿಗೆ ಬಂದಿರುವ ಬಿಹಾರ, ಒಡಿಶಾಗಳ ಕೂಲಿಕಾರರು, ಎಲ್ಲರಿಗೂ ಅಲ್ಲಿ ಸ್ಥಾನವಿರಬೇಕು.

ಎರಡನೆಯದಾಗಿ, ಕೆಲಸದ ಉಡುಗೆಗೂ ವೇದಿಕೆ ಸಿಗಬೇಕು. ಪೌರಕಾರ್ಮಿಕರ ಅಂಗಿ, ಹಮಾಲರ ತಲೆಯ ಸಿಂಬಿ, ಅರಳೆಯ ಪುಡಿ ಮೆತ್ತಿದ ಗಿರಣಿಯ ಬನಿಯನ್ನು, ಇವೂ ಈ ಊರಿನ ಉಡುಗೆಗಳೇ. ಹಬ್ಬದ ಬಟ್ಟೆ ವರ್ಷಕ್ಕೆ ನಾಲ್ಕು ದಿನ. ಉಳಿದ ದಿನಗಳನ್ನು ನಾವು ಈ ಬಟ್ಟೆಯಲ್ಲಿ ಕಳೆಯುತ್ತೇವೆ.

ಮೂರನೆಯದಾಗಿ, ಪ್ರತಿ ನೇಯ್ಗೆಯ ಜೊತೆಗೆ ನೆಯ್ದವರೂ ಹೊಲಿದವರೂ ವೇದಿಕೆಗೆ ಬರಬೇಕು. ಇದನ್ನು ನೆಯ್ಯಲು ಎಷ್ಟು ದಿನ ಹಿಡಿಯಿತು, ಕೂಲಿ ಎಷ್ಟು ಬಂತು, ಅಂಗಡಿಯಲ್ಲಿ ಇದರ ಬೆಲೆ ಎಷ್ಟು, ಈ ಮೂರು ಲೆಕ್ಕಗಳನ್ನು ಧ್ವನಿವರ್ಧಕದಲ್ಲಿ ಓದಬೇಕು. ನೂರು ಭಾಷಣಗಳು ಮಾಡದ ಕೆಲಸವನ್ನು ಈ ಮೂರು ಅಂಕಿಗಳು ಮಾಡುತ್ತವೆ.

ನಾಲ್ಕನೆಯದಾಗಿ, ಸೌಂದರ್ಯದ ಸ್ಪರ್ಧೆ ಬೇಡ, ಕಿರೀಟ ಬೇಡ. ಮೈಬಣ್ಣವನ್ನು ಅಳೆದು ಹೆಣ್ಣಿಗೆ ಬೆಲೆ ಕಟ್ಟುವ ದುಷ್ಟ ಪದ್ಧತಿಯ ವಿರುದ್ಧ ಡಾ. ಲೋಹಿಯಾ ಅವರು ಲೇಖನವನ್ನೇ ಬರೆದರು. ಬಿಳಿಯರ ಆಳ್ವಿಕೆ ಮನುಷ್ಯರ ಕಣ್ಣನ್ನೂ ಕೆಡಿಸಿತೆಂಬುದು ಅವರ ವಾದವಾಗಿತ್ತು. ಬಿಸಿಲಿನಲ್ಲಿ ದುಡಿದು ಕಪ್ಪಾದ ಮೈ ಇನ್ನೊಂದು ಮೈಗಿಂತ ಕೀಳೆಂದು ತೀರ್ಪು ಕೊಡುವ ಪಂಚರು ನಮಗೆ ಬೇಡ.

ಐದನೆಯದಾಗಿ, ಹಣ. ಹತ್ತು ರೂಪಾಯಿ, ಇಪ್ಪತ್ತು ರೂಪಾಯಿಗಳ ವರ್ಗಣಿಯಿಂದಲೇ ಖರ್ಚು ತೂಗಬೇಕು. ಯಾರ ವರ್ಗಣಿಗೂ ಮಿತಿ ಹಾಕಿರಿ. ಜಮಾ-ಖರ್ಚನ್ನು ಮರುದಿನವೇ ಗೋಡೆಗೆ ಹಚ್ಚಿರಿ. ಮಳೆಗಾಲವಾದುದರಿಂದ ಬಯಲನ್ನು ನಂಬದೆ ಶಾಲೆಯೊಂದರ ಸಭಾಂಗಣವನ್ನು ಕೇಳಿ ಪಡೆಯುವುದು ಲೇಸು. ಹಗಲು ಪಾಳಿಯವರು ಕೈಕಾಲು ತೊಳೆದುಕೊಂಡು ಬರುವಷ್ಟು ವೇಳೆ ಬಿಟ್ಟು ಆರಂಭಿಸಿರಿ.

ಚಿಕ್ಕ ವ್ಯಾಪಾರಿ ಮಿತ್ರರಿಗೆ ಎರಡು ಮಾತು. ಶ್ರಾವಣದ ವ್ಯಾಪಾರ ಚಿಗುರುವ ಹೊತ್ತು ಅದು. ಆ ದಿನ ಸಭಾಂಗಣದ ಹೊರಗೆ ನಿಮ್ಮ ನಿಮ್ಮ ಗಂಟು ಬಿಚ್ಚಿ ಕೂಡಿರಿ. ಆದರೆ ಒಂದು ನಿಷ್ಠೆ ಇರಲಿ: ಕೈಮಗ್ಗದ್ದನ್ನು ಕೈಮಗ್ಗದ್ದೆಂದೇ, ವಿದ್ಯುತ್ ಮಗ್ಗದ್ದನ್ನು ವಿದ್ಯುತ್ ಮಗ್ಗದ್ದೆಂದೇ ಹೇಳಿ ಮಾರಿರಿ. ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೇ ಕಾಯ್ದಿರಿಸುವ ಕಾಯಿದೆ 1985ರಲ್ಲಿಯೇ ಬಂದಿತು. ಮೊದಲು 22 ಬಗೆಗಳಿದ್ದ ಆ ಪಟ್ಟಿ ಬರಬರುತ್ತ 11ಕ್ಕೆ ಇಳಿಯಿತು. ಇದ್ದ ಅಷ್ಟಕ್ಕೂ ಕಾವಲಿಲ್ಲ. ಇಳಕಲ್ಲಿನ ದಡಿಯನ್ನು ಪಾಲಿಯೆಸ್ಟರಿನ ಮೇಲೆ ಅಚ್ಚೊತ್ತಿ ದೂರದ ಊರುಗಳಿಂದ ಲಾರಿಗಟ್ಟಲೆ ತಂದು ಸುರಿಯುತ್ತಾರೆ. ಅದರಿಂದ ನೇಕಾರನೂ ಕೆಡುತ್ತಾನೆ, ನಿಜವಾದ ಮಾಲು ಇಟ್ಟುಕೊಂಡ ನೀವೂ ಕೆಡುತ್ತೀರಿ. ವಿದ್ಯುತ್ ಮಗ್ಗದ ಕಾರ್ಮಿಕ ನಮ್ಮ ವೈರಿಯಲ್ಲ. ಅವನೂ ಹೊಟ್ಟೆಗಾಗಿ ಹಗಲಿರುಳು ಆ ಸದ್ದಿನೊಳಗೆ ನಿಂತವನು. ನಮ್ಮ ಜಗಳ ಮೋಸದ ಚೀಟಿ ಅಂಟಿಸುವವನ ಮೇಲೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿಯ ರಾಷ್ಟ್ರಧ್ವಜ ಮಾಡಿ ಬದುಕಿದ ಹೆಣ್ಣುಮಕ್ಕಳಿಗೆ ಏನಾಯಿತೆಂಬುದನ್ನು ನೆನೆಯಿರಿ. 2021ರ ಡಿಸೆಂಬರಿನಲ್ಲಿ ಧ್ವಜಸಂಹಿತೆಯನ್ನು ತಿದ್ದಿ, ಯಂತ್ರದ ಪಾಲಿಯೆಸ್ಟರ್ ಧ್ವಜಕ್ಕೂ ಸರಕಾರ ಅನುಮತಿ ಕೊಟ್ಟಿತು. ದೇಶದ ಬಾವುಟಕ್ಕೇ ಈ ಗತಿಯಾದರೆ ಸೀರೆಯ ಮಾತೇನು?

ಗಿರಣಿ ಕಾರ್ಮಿಕ ಬಂಧುಗಳೇ, ಬಾಕಿ ಕೂಲಿಯ ಹೋರಾಟವನ್ನು ಈ ಪ್ರದರ್ಶನ ನಿಲ್ಲಿಸುವುದಿಲ್ಲ, ನಿಲ್ಲಿಸಲೂಬಾರದು. ಆ ಹೋರಾಟದ ಸುದ್ದಿ ಈ ಪತ್ರಿಕೆಯಲ್ಲಿ ವಾರವಾರವೂ ಬರುತ್ತದೆ, ಮುಂದೆಯೂ ಬರುವುದು. ಆದರೆ ಜಾತಿಯಿಂದ, ಮತದಿಂದ ಹರಿದು ಹೋದ ಊರು ಮಾಲೀಕರ ಮುಂದೆ ಒಂದಾಗಿ ನಿಲ್ಲಲಾರದು. ಒಬ್ಬರ ಉಡುಗೆಯನ್ನು ಇನ್ನೊಬ್ಬರು ಮರ್ಯಾದೆಯಿಂದ ನೋಡಲು ಕಲಿತ ಸಂಜೆಯೊಂದು, ನಾಳೆ ಗಿರಣಿಯ ಬಾಗಿಲಲ್ಲಿ ಹೆಗಲಿಗೆ ಹೆಗಲು ಕೊಡುವಾಗ ಉಪಯೋಗಕ್ಕೆ ಬಂದೀತು. ಹೊಟ್ಟೆಗೆ ಹಿಟ್ಟು ಬೇಕು, ಅದಕ್ಕಾಗಿ ಕಾದಾಡೋಣ. ಹಾಗೆಂದು ಮಲ್ಲಿಗೆಯನ್ನೆಲ್ಲ ಸಾಹುಕಾರರ ಜುಟ್ಟಿಗೇ ಬಿಟ್ಟುಕೊಡುವ ಕಾರಣವೂ ನಮಗೆ ಕಾಣುವುದಿಲ್ಲ.

ಮನೆಯ ಟ್ರಂಕಿನ ತಳದಲ್ಲಿ ಮಡಚಿಟ್ಟಿರುವ ಅವ್ವನ ಸೀರೆಯನ್ನೂ ಅಜ್ಜನ ರುಮಾಲನ್ನೂ ಬಿಸಿಲಿಗೆ ಹಾಕಿರಿ. ಆಗಸ್ಟ್ 7ರ ಸಂಜೆ ಉಟ್ಟುಕೊಂಡು ಬನ್ನಿರಿ. ನೆಯ್ದವರನ್ನು ಕೈಹಿಡಿದು ಕರೆತನ್ನಿರಿ.